ಮಡಿಕೆಯ ಗೆರೆ ನಂಬಿ ಕತ್ತರಿಸಿದ ಬಟ್ಟೆ

ಸಾಯಬಮ್ಮ ಬೋನಾಳ

ಸುರಪುರ ಸೀಮೆಯಲ್ಲಿ ಹೊಲಿಗೆ ಬಲ್ಲವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆದರೆ ಹೊಲಿಗೆಯನ್ನು ಒಂದು ವಿದ್ಯೆಯೆಂದು ತಿಳಿದು, ಆ ವಿದ್ಯೆಯನ್ನು ಹೊಸ್ತಿಲು ದಾಟದ ಹೆಣ್ಣುಮಕ್ಕಳ ಕೈಗೆ ಇಪ್ಪತ್ನಾಲ್ಕು ವರ್ಷ ಒಂದೇ ಸಮನೆ ದಾಟಿಸಿದವರು ಶ್ರೀ ಚಾಂದಪಾಶಾ ಮಾಸ್ತರರೊಬ್ಬರೇ ಎಂದು ಹೇಳಿದರೆ ಅದು ಅಭಿನಂದನ ಗ್ರಂಥದ ಮರ್ಯಾದೆಗಾಗಿ ಆಡಿದ ಮಾತಾಗುವುದಿಲ್ಲ. ಯಾದಗಿರಿಯಲ್ಲಾಗಲಿ, ಶಹಾಪುರದಲ್ಲಾಗಲಿ, ನಮ್ಮ ಸುರಪುರದ ಓಣಿಗಳಲ್ಲಾಗಲಿ ಹೊಲಿಗೆ ಯಂತ್ರದ ಸಪ್ಪಳ ಕೇಳಿಸುವ ಮನೆಯೊಂದನ್ನು ಹೊಕ್ಕು “ಯಾರ ಕಡೆ ಕಲ್ತೀಯವ್ವಾ?” ಎಂದು ಕೇಳಿ ನೋಡಿರಿ. ಬಂದ ಉತ್ತರದಲ್ಲಿ ಮಾಸ್ತರರ ಹೆಸರು ಇದ್ದೇ ಇರುತ್ತದೆ. ಮಾಸ್ತರರ ಹತ್ತಿರ ಕಲಿಯದಿದ್ದರೆ ಮಾಸ್ತರರ ಹತ್ತಿರ ಕಲಿತವಳ ಹತ್ತಿರ ಕಲಿತಿರುತ್ತಾಳೆ.

ಈ ಗ್ರಂಥದ ಸಮಿತಿಯವರು ನನ್ನ ಮನೆಗೂ ಬಂದು, “ನೀವು ಅವರ ಜೋಡಿ ಎಲ್ಲರಿಗಿಂತ ಹೆಚ್ಚು ದಿನ ಕೆಲಸ ಮಾಡಿದವರು, ಬರಿಯಲೇಬೇಕು” ಎಂದರು. ನಾನು ನಲವತ್ತರ ಹತ್ತಿರ ಬಂದಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ಓದಿದವರಂತೆ ಬರೆಯಲು ನನಗೆ ಬರುವುದಿಲ್ಲ. ಮಾಸ್ತರರ ಕೈಚಳಕವನ್ನು, ಅವರ ಶಿಸ್ತನ್ನು, ಅವರ ಕೈಯಲ್ಲಿ ಕಲಿತು ಸ್ವಂತ ದುಡಿದುಣ್ಣುತ್ತಿರುವ ಹೆಣ್ಣುಮಕ್ಕಳನ್ನು ಕುರಿತು ನನಗಿಂತ ತಿಳಿದವರು ಬರೆದಿದ್ದಾರೆ. ಆದರೆ ಒಂದು ಸಂಗತಿ ಅವರಾರಿಗೂ ಬರೆಯಲು ಸಾಧ್ಯವಿಲ್ಲ. ಅದನ್ನು ನಾನೇ ಬರೆಯಬೇಕು, ಮತ್ತು ಬಹಳ ಹಿಂದೆಯೇ ಹೇಳಬೇಕಾಗಿತ್ತು.

ಮಾಸ್ತರರು ಶಹಾಪುರದವರು. ಅವರ ಅಜ್ಜನ ಕಾಲದಿಂದಲೂ ಅಲ್ಲಿಯ ಪೇಟೆಯಲ್ಲಿ ಶೇರವಾನಿ ಹೊಲಿಯುವ ಅಂಗಡಿಯಿತ್ತು. ಉರ್ದುವಿನಲ್ಲಿ ಓದಿದವರು, ಉರ್ದುವಿನಲ್ಲೇ ಅಳತೆ ಬರೆದುಕೊಳ್ಳುತ್ತಿದ್ದವರು. ನಿಜಾಮರ ಸಂಸ್ಥಾನ ಹೋಗಿ ಸರ್ಕಾರ ಬದಲಾದ ವರ್ಷ ಶೇರವಾನಿ ಹೊಲಿಸುವವರೇ ಇಲ್ಲದಂತಾಯಿತು. ಅಂಗಡಿ ಮುಚ್ಚಿತು. ಆ ಗದ್ದಲದಲ್ಲಿ ಅವರ ಹೆಂಡತಿ ಮಾಲನಬಿಯವರು ಒಂದು ವರ್ಷದ ಮಗಳು ಜೈತುನಳನ್ನು ಎತ್ತಿಕೊಂಡು ಹೈದರಾಬಾದಿನ ಅಣ್ಣನ ಮನೆಗೆ ಹೋದರು. ಮಾಸ್ತರರು ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಒಮ್ಮೆ ಕೇಳಿದ್ದೆ. “ಅಲ್ಲಿ ನನ್ನ ಹೆಸರು ಹಿಡಿದು ಕರಿಯೋರು ಯಾರದಾರ್ರಿ ಅಕ್ಕಾ?” ಎಂದಿದ್ದರು. ಐದು ವರ್ಷ ಅವರಿವರ ಅಂಗಡಿಯಲ್ಲಿ ಕೂಲಿಗೆ ಹೊಲಿದು, ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಸುರಪುರದಲ್ಲಿ ಹೆಣ್ಣುಮಕ್ಕಳ ಹೊಲಿಗೆ ಕೇಂದ್ರ ತೆರೆದಾಗ ತಾತ್ಕಾಲಿಕ ಮಾಸ್ತರರಾಗಿ ಸೇರಿದರು. ಕೇಂದ್ರದ ಹಿತ್ತಲಿನ ಸಣ್ಣ ಕೋಣೆಯಲ್ಲಿ ಒಬ್ಬರೇ ಇದ್ದರು.

ನಾನು ಅದೇ ಕೇಂದ್ರಕ್ಕೆ ಕಸ ಗುಡಿಸಲು ಬಂದವಳು. ಬೋನಾಳದಲ್ಲಿ ಗಂಡ ಜ್ವರ ಬಂದು ತೀರಿಕೊಂಡ ಮೇಲೆ ಗಂಡನ ಮನೆಯವರು ನನಗೆ ಒಂದು ಟ್ರಂಕು ಕೊಟ್ಟು ಬಸ್ಸಿಗೆ ಹತ್ತಿಸಿದರು. ಕೇಂದ್ರದ ಅಂಗಳದ ಮೂಲೆಯಲ್ಲಿ ಸಾಮಾನು ಇಡುವ ಗೂಡಿನಲ್ಲಿ ಮಲಗುತ್ತಿದ್ದೆ. ಒಂದು ದಿನ ಬೆಳಿಗ್ಗೆ ಅಂಗಳ ಗುಡಿಸಿ ಎದ್ದೆ. ಮಾಸ್ತರರು ನೆಲ ನೋಡುತ್ತ ನಿಂತಿದ್ದರು.

“ಎಷ್ಟು ನೆಟ್ಟಗ ಗೆರಿ ಬಿದ್ದಾವ ನೋಡ್ರಿ ಅಕ್ಕಾ. ಕಸಬರಗಿ ಇಷ್ಟು ನೆಟ್ಟಗ ಎಳಿಯೋ ಕೈ ಕತ್ತರಿ ಯಾಕ ಹಿಡಿಬಾರ್ದು?”

“ನನಗ ಅಕ್ಷರ ಬರೂದಿಲ್ರಿ ಮಾಸ್ತರ್ರ.”

“ಬಟ್ಟಿಗೂ ಬರೂದಿಲ್ಲ. ಇಬ್ರೂ ಕೂಡಿ ಕಲೀರಿ.”

ಹೀಗೆ ನನ್ನ ವಿದ್ಯೆ ಆರಂಭವಾಯಿತು. ವಯಸ್ಸಿನಲ್ಲಿ ನಾನು ಅವರಿಗಿಂತ ಐದು ವರ್ಷ ದೊಡ್ಡವಳು. ಅವರು ನನ್ನನ್ನು ಅಕ್ಕ ಎಂದರು, ನಾನು ಅವರನ್ನು ಮಾಸ್ತರ ಎಂದೆ. ಇಬ್ಬರೂ ಇವತ್ತಿನವರೆಗೆ ಆ ಮಾತನ್ನು ಬದಲಾಯಿಸಿಲ್ಲ.

ಮಾಸ್ತರರು ಕತ್ತರಿ ಎತ್ತಿದರೆ ಮೊದಲು ಕಣ್ಣಿಗೊತ್ತಿಕೊಂಡು ಬಿಸ್ಮಿಲ್ಲಾ ಎನ್ನುತ್ತಿದ್ದರು. ನನಗೆ, “ನೀವು ನಿಮ್ಮ ದೇವ್ರನ್ನ ನೆನೀರಿ, ಕತ್ತರಿಗೆ ಎಲ್ಲಾರೂ ಗೊತ್ತದಾರ” ಎನ್ನುತ್ತಿದ್ದರು. ಕತ್ತರಿಸುವ ಮೊದಲು ಎಳೆ ನೋಡಬೇಕು. ಇದು ಅವರ ಮೊದಲ ಪಾಠ. ನೇಯ್ದ ಬಟ್ಟೆಗೆ ಉದ್ದದ ಹಾಸು, ಅಡ್ಡದ ಹೊಕ್ಕು ಎಂದು ಎರಡು ಎಳೆಗಳಿರುತ್ತವೆ. ಹಾಸಿನ ಎಳೆ ಮೈಯ ಮೇಲೆ ನೆಟ್ಟಗೆ ಇಳಿಯಬೇಕು. ಓರೆಯಾದರೆ ಅಂಗಿ ಎಷ್ಟು ಚಂದ ಹೊಲಿದರೂ ಒಗೆದ ಮೇಲೆ ತನ್ನ ದಾರಿ ತಾನು ಹಿಡಿಯುತ್ತದೆ. ಎಳೆ ಕಾಣಲು ನಮ್ಮ ಕಡೆಯ ದರ್ಜಿಗಳು ಮಾಡುವಂತೆ ಬಟ್ಟೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಚರ್ರನೆ ಹರಿಯುವುದು. ಹರಿದದ್ದು ಎಳೆಯ ಗುಂಟವೇ ಹರಿಯುತ್ತದೆ. ದಪ್ಪ ಬಟ್ಟೆಯಾಗಿ ಹರಿಯದಿದ್ದರೆ ಗಿರಣಿಯವರು ಮಡಿಚಿ ಕಳಿಸಿದ ಮಡಿಕೆಯ ಗೆರೆಯನ್ನು ನಂಬಬೇಕು. “ಹರಿದು ನೋಡ್ರಿ, ಹರೀಲಿಲ್ಲಂದ್ರ ಮಡಿಕಿ ನಂಬ್ರಿ.” ನಾಲ್ಕು ವರ್ಷ ದಿನಾ ಕೇಳಿದ ಈ ಮಾತು ನನ್ನ ರಕ್ತದಲ್ಲಿ ಇಳಿದಿತ್ತು.

ಐವತ್ತಾರನೆಯ ಇಸವಿಯಲ್ಲಿ ಹೊಸ ರಾಜ್ಯವಾಯಿತು. ಕಚೇರಿಯ ಕಾಗದಗಳೆಲ್ಲ ಕನ್ನಡಕ್ಕೆ ಬಂದವು. ಮಾಸ್ತರರ ನೌಕರಿ ಕಾಯಂ ಆಗಬೇಕಾದರೆ ಎರಡು ಕೆಲಸ ಆಗಬೇಕು ಎಂದು ಹುಕುಂ ಬಂತು: ಕನ್ನಡ ಪರೀಕ್ಷೆ ಪಾಸಾಗಬೇಕು, ಕೇಂದ್ರದ ಕೆಲಸ ಚೆನ್ನಾಗಿದೆಯೆಂದು ತಪಾಸಣೆಯ ಅಧಿಕಾರಿಗಳು ಬರೆಯಬೇಕು. ಅದೇ ವರ್ಷ ಗುರಣ್ಣ ಮಾಸ್ತರರು ಕೇಂದ್ರದ ಪಡಸಾಲೆಯಲ್ಲಿ ರಾತ್ರಿ ಶಾಲೆ ತೆರೆದರು. ಹಗಲು ನನಗೆ ಕಲಿಸುವ ಗುರುಗಳು ಕತ್ತಲಾದ ಮೇಲೆ ನನ್ನ ಪಕ್ಕದ ಚಾಪೆಯಲ್ಲಿ ಬಂದು ಕೂತರು. ಅವರು ಪುಸ್ತಕವನ್ನು ಉರ್ದುವಿನ ರೂಢಿಯಂತೆ ಬಲಗಡೆಯಿಂದ ತೆರೆಯುತ್ತಿದ್ದರು. ಗುರಣ್ಣ ಮಾಸ್ತರರು ತಿರುಗಿಸಿ ಕೈಗೆ ಕೊಡುತ್ತಿದ್ದರು. ನಾನು ಹರಕು ಬಟ್ಟೆಯ ಮೇಲೆ ಹೊಲಿಗೆಯ ಸೀಮೆಸುಣ್ಣದಿಂದ ತಿದ್ದುತ್ತಿದ್ದೆ.

“ಅಕ್ಕಾ, ನಿಮ್ಮ ಅಕ್ಷರದ ಬಗಲು ಬಾಳ ಸಡ್ಲ ಆಗ್ಯಾದ. ಎರಡು ಬೆರಳು ಒಳಗ ಹಿಡೀರಿ” ಎಂದು ಅವರು ನಗುವರು. “ನಿಮ್ಮದು ತೋಳ ಇಲ್ಲದ ಅಂಗಿ ಆಗ್ಯಾದ, ಮೊದಲ ಅದನ್ನ ನೋಡ್ಕೋರಿ” ಎಂದು ನಾನು ಹೇಳುವೆ. ಗುರಣ್ಣ ಮಾಸ್ತರರು ಬೆತ್ತ ಕುಟ್ಟಿ, “ಇದು ಸಾಲಿ ಅದನೋ, ದರ್ಜಿ ಅಂಗಡಿ ಅದನೋ?” ಎಂದು ಗದರಿಸುವರು. ನನ್ನ ಜೀವಮಾನದಲ್ಲಿ ನಾನು ಗಟ್ಟಿಯಾಗಿ ನಕ್ಕ ದಿನಗಳೆಂದರೆ ಅವೇ.

ಕಾಯಂ ಆಗುವುದು ಅವರಿಗೆ ಯಾಕೆ ಬೇಕಾಗಿತ್ತೆಂದು ನಮಗೆಲ್ಲ ತಿಳಿದಿತ್ತು. ಮಾಲನಬಿಯವರ ಅಣ್ಣ, ನೌಕರಿ ಪಕ್ಕಾ ಆದ ಕಾಗದ ತೋರಿಸಿ ತಂಗಿಯನ್ನು ಕರೆದುಕೊಂಡು ಹೋಗಿರಿ, ಅಲ್ಲಿಯವರೆಗೆ ಕಳಿಸುವುದಿಲ್ಲ ಎಂದಿದ್ದ. ಮಾಸ್ತರರು ಆಗಲೇ ಗುಡ್ಡದ ಕೆಳಗಿನ ಓಣಿಯಲ್ಲಿ ಎರಡಂಕಣದ ಮನೆ ಹಿಡಿದು ಸುಣ್ಣ ಹೊಡೆಸಿದ್ದರು. ಅಡಿಗೆ ಮನೆಯಲ್ಲಿ ಒಲೆ ಇರಲಿಲ್ಲ. ನಾನು ಕೆಮ್ಮಣ್ಣು ಹದ ಮಾಡಿ ಎರಡು ಬಾಯಿಯ ಒಲೆ ಹಾಕಿಕೊಟ್ಟೆ. ಮಾಸ್ತರರು ಕೂತು ನೋಡುತ್ತ, “ಆಕಿ ಗಿಡ್ಡ ಅದಾಳ್ರಿ ಅಕ್ಕಾ, ಎತ್ತರ ಮಾಡಬ್ಯಾಡ್ರಿ” ಎಂದರು. ಒಂದು ಗೇಣು ಇಳಿಸಿ ಹಾಕಿದೆ.

ಐವತ್ತೇಳರ ಅಕ್ಟೋಬರಿನಲ್ಲಿ ಪರೀಕ್ಷೆ, ತಪಾಸಣೆ ಎರಡೂ ಒಟ್ಟಿಗೇ ಬಂದವು. ನವೆಂಬರ್ ಒಂದಕ್ಕೆ ಹೊಸ ರಾಜ್ಯಕ್ಕೆ ಒಂದು ವರ್ಷ ತುಂಬುತ್ತಿತ್ತು. ಹೈಸ್ಕೂಲಿನ ದೊಡ್ಡ ಹುಡುಗರು ಅರವತ್ತು ಜನ ಮೈದಾನದಲ್ಲಿ ಕವಾಯತು ಮಾಡುವರು, ಅವರಿಗೆ ಬಿಳಿಯ ಬನಿಯನ್ನುಗಳನ್ನು ನಮ್ಮ ಕೇಂದ್ರದವರು ಹೊಲಿದುಕೊಡಬೇಕು, ತಪಾಸಣೆಯ ಅಧಿಕಾರಿಗಳು ಅಂದೇ ಬಂದು ನೋಡುವರು ಎಂದು ಹೆಡ್‌ಮಾಸ್ತರರಾದ ಬಸವಂತ್ರಾಯರು ಹೇಳಿಕಳಿಸಿದರು. ಬನಿಯನ್ ಬಟ್ಟೆ ರೈಲಿನಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ಶಹಾಪುರದ ಮೇಲೆ ಬಸ್ಸಿನಲ್ಲಿ ಬರಬೇಕಿತ್ತು. ಬರುವುದು ತಡವಾಯಿತು. ಅಷ್ಟರಲ್ಲಿ ಮಾಸ್ತರರು ಪರೀಕ್ಷೆಗೆಂದು ಗುಲಬರ್ಗಾಕ್ಕೆ ಹೊರಟರು. ಹೋಗುವಾಗ ಬಾಗಿಲಲ್ಲಿ ನಿಂತು ನನಗೇ ಹೇಳಿದರು:

“ಆ ಬಟ್ಟಿ ನೇಯ್ದದ್ದಲ್ರಿ ಅಕ್ಕಾ, ಹೆಣೆದದ್ದು. ಎಳದ್ರ ಹಿಗ್ಗತದ. ನಾನೂ ಅದಕ್ಕ ಕತ್ತರಿ ಹಚ್ಚಿಲ್ಲ. ನಾ ಬರೂತನಕ ಥಾನ ಬಿಚ್ಚಬ್ಯಾಡ್ರಿ.”

ಮರುದಿನವೇ ಬಟ್ಟೆಯ ಥಾನು ಕಟ್ಟಿನಲ್ಲಿ ಬಂತು.

ಬಿಚ್ಚಿದೆ. ದಿನಗಳು ಕಡಿಮೆ ಇದ್ದವು, ಬಸವಂತ್ರಾಯರು ಎರಡು ಸಲ ಆಳು ಕಳಿಸಿದ್ದರು, ಇವೆಲ್ಲ ನಿಜ. ಆದರೆ ಅವರು ಬರುವಷ್ಟರಲ್ಲಿ ಅರವತ್ತೂ ಕತ್ತರಿಸಿಟ್ಟು, ‘ಭೇಷ್ ಅಕ್ಕಾ’ ಎನ್ನಿಸಿಕೊಳ್ಳಬೇಕೆಂಬ ಆಸೆ ನನ್ನ ಹೊಟ್ಟೆಯಲ್ಲಿತ್ತು. ಅದು ಇನ್ನೂ ಹೆಚ್ಚು ನಿಜ.

ಬಟ್ಟೆ ತಳವಿಲ್ಲದ ಉದ್ದನೆಯ ಚೀಲದಂತಿತ್ತು. ಅಂಚಿರಲಿಲ್ಲ. ಎರಡೂ ಬದಿಗೆ ಮಡಿಕೆಯ ಗೆರೆ ಮಾತ್ರ ಚೂರಿಯ ಅಲಗಿನಂತೆ ಎದ್ದು ಕಾಣುತ್ತಿತ್ತು. ತುದಿ ಕಚ್ಚಿ ಹರಿಯಲು ನೋಡಿದೆ; ಹರಿಯಲಿಲ್ಲ, ಹಿಗ್ಗಿತು. ಹರಿಯದಿದ್ದರೆ ಮಡಿಕೆ ನಂಬಬೇಕು. ನಂಬಿದೆ. ಕಟ್ಟಿನಲ್ಲಿ ಬಂದದ್ದರಿಂದ ಬಟ್ಟೆ ಸುಕ್ಕಾಗಿತ್ತು. ನಮ್ಮ ಜೊತೆ ಕಲಿಯುತ್ತಿದ್ದ ದುರಗಮ್ಮ ಆ ತುದಿ ಹಿಡಿದಳು, ನಾನು ಈ ತುದಿ ಹಿಡಿದೆ. ಸೀರೆ ಹಿಂಡುವಾಗ ಜಗ್ಗುವಂತೆ ಜಗ್ಗಿ ಹಾಸಿ, ಕಲ್ಲು ಹೇರಿ, ಹತ್ತು ಪದರ ಒಂದರ ಮೇಲೊಂದು ಇಟ್ಟು ಕತ್ತರಿಸಿದೆ.

“ಸಾಯಬವ್ವ, ಇದು ಹಾವಿನ ಹಂಗ ಹೊಳ್ಳಾಕತ್ತದ ನೋಡ” ಎಂದಳು ದುರಗಮ್ಮ. “ಹೊಳ್ಳಲಿ ಬಿಡು, ಹೊಲಿಗಿ ಬಿದ್ದಮ್ಯಾಲ ಸುಮ್ಮನಾಗ್ತದ” ಎಂದೆ. ಎರಡು ದಿನದಲ್ಲಿ ಅರವತ್ತೂ ಮುಗಿದವು. ಕೈತಪ್ಪಿ ಕತ್ತರಿಸಿದ ಅರವತ್ತೊಂದನೆಯದು ಹೊಲಿಯದೆ ಉಳಿಯಿತು.

ಮಾಸ್ತರರು ಬಂದರು. ಕನ್ನಡ ಪರೀಕ್ಷೆ ಚೆನ್ನಾಗಿ ಬರೆದ ಸಂತೋಷದಲ್ಲಿದ್ದರು. ರಾಶಿಯನ್ನು ನೋಡಿ ಮುಖ ಒಂದು ಕ್ಷಣ ಸಣ್ಣದಾಯಿತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಗಂಜಿ ಕುಡಿದ ಹೊಸ ಬಟ್ಟೆ, ಬಗಲಿನ ಹೊಲಿಗೆ ನೆಟ್ಟಗೇ ಇತ್ತು. “ಚಲೋ ಹೊಲ್ದೀರಿ” ಎಂದು ಕೆಳಗಿಟ್ಟರು. ಅಷ್ಟೇ ಅಂದರು.

ಹೊಲಿದವರ ಕೈಯ ಕೊಳೆ ಹತ್ತಿದೆಯೆಂದು ಬಸವಂತ್ರಾಯರು ಕವಾಯತಿನ ಹಿಂದಿನ ದಿನ ಎಲ್ಲವನ್ನೂ ಒಗೆಸಿದರು. ಮುಂಜಾನೆ ಮೈದಾನದಲ್ಲಿ ಅರವತ್ತು ಹುಡುಗರು ಕೈ ಮೇಲೆತ್ತಿ ನಿಂತಾಗ ಅರವತ್ತು ಬನಿಯನ್ನುಗಳ ಬಗಲಿನ ಹೊಲಿಗೆ ಹೊಕ್ಕಳಿಗೆ ಬಂದು ನಿಂತಿತ್ತು. ಒಬ್ಬನಿಗಾದರೆ ಯಾರೂ ನೋಡುತ್ತಿರಲಿಲ್ಲ. ಸಾಲಿಗೆ ಸಾಲೇ ಒಂದೇ ಕಡೆಗೆ ತಿರುಚಿತ್ತು. ಜನರೊಳಗಿಂದ ಯಾರೋ ಕೂಗಿದರು: “ಏ ಬಸವಂತ್ರಾಯ್ರ, ಹುಡುಗ್ರನ್ನ ಹಿಂಡಿ ಒಣಗ ಹಾಕೀರೇನ್ರಿ?” ಇಡೀ ಮೈದಾನ ನಕ್ಕಿತು. ಹುಡುಗರೂ ನಕ್ಕರು. ಮಾಸ್ತರರು ಕುರ್ಚಿಗಳ ಹಿಂದೆ ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ.

ಮರುದಿನ ಅಧಿಕಾರಿಗಳು ಕೇಂದ್ರಕ್ಕೆ ಬಂದರು. ಕೆಟ್ಟವರಲ್ಲ, ತಮ್ಮ ಕೆಲಸ ಮಾಡಲು ಬಂದವರು. ಮೇಜಿನ ಮೇಲೆ ಒಂದು ಬನಿಯನ್ನು ಹರಡಿ, ನಮ್ಮ ಕಡೆಯದಲ್ಲದ ಮೆತ್ತನೆಯ ಕನ್ನಡದಲ್ಲಿ, “ಇದನ್ನು ಕತ್ತರಿಸಿದವರು ಯಾರು?” ಎಂದು ಕೇಳಿದರು. ಹನ್ನೊಂದು ಜನ ಹೆಂಗಸರು ಯಂತ್ರಗಳ ಮುಂದೆ ಕೂತಿದ್ದೆವು. ಎಲ್ಲರಿಗೂ ಗೊತ್ತಿತ್ತು. ಯಾರೂ ನನ್ನ ಹೆಸರು ಹೇಳಲಿಲ್ಲ. ಮಾಸ್ತರರು ನನ್ನ ಕಡೆ ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದರು. ನಾನು ಕೈಯಲ್ಲಿದ್ದ ಸೂಜಿಗೆ ದಾರ ಪೋಣಿಸುತ್ತಿದ್ದೆ. ಒಂದು ಸಲ ತಪ್ಪಿತು, ಇನ್ನೊಂದು ಸಲ ತಪ್ಪಿತು.

ನನ್ನದು ದಿನಗೂಲಿ, ನನ್ನ ಹೆಸರಿನ ಕಾಗದವಿರಲಿಲ್ಲ, ಆ ಗೂಡು ಬಿಟ್ಟರೆ ತಲೆಯ ಮೇಲೆ ಸೂರಿರಲಿಲ್ಲ. ಈ ಮಾತುಗಳನ್ನು ಇಪ್ಪತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆಯಾಯಿತು ಎಂದು ಒಂದೇ ಮಾತಿನಲ್ಲಿ ಬರೆದರೆ ಸಾಕು.

“ನಾನ್ರಿ ಸಾಹೇಬ್ರ” ಎಂದರು ಮಾಸ್ತರರು.

“ಹಾಗಾದರೆ ಬರೆದುಕೊಡಿ.”

ಮಾಸ್ತರರು ಎಡಗಡೆಯಿಂದ ಆರಂಭಿಸಿ, ನಿಧಾನವಾಗಿ, ಏಳು ಸಾಲು ಬರೆದರು. ಪರೀಕ್ಷೆಯ ಹೊರಗೆ ಅವರು ಬರೆದ ಮೊದಲ ಕನ್ನಡ ಕಾಗದ ಅದು. ಮಸಿ ಆರಲೆಂದು ನನ್ನ ಮೇಜಿನ ತುದಿಗೆ ಇಟ್ಟರು. ‘ಬನಿಯನ್ ಬಟ್ಟೆ ಕತ್ತರಿಸಿದವನು ನಾನೇ ಇರುತ್ತೇನೆ’ ಎಂಬ ಸಾಲನ್ನು ನಾನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಗುರಣ್ಣ ಮಾಸ್ತರರ ಸಹಾಯವಿಲ್ಲದೆ ನಾನು ಓದಿದ ಮೊದಲ ಪೂರಾ ವಾಕ್ಯ ಅದು.

ಅಂದು ಸಂಜೆ ದುರಗಮ್ಮ ಬೀಗ ಹಾಕುವಾಗ, “ಬಾಯಿಗೆ ಗುಂಡಿ ಹಾಕ್ಕೊಂಡು ಕುಂತಿದ್ದೆಲ್ಲವ್ವ. ಬಿಚ್ಚಾಕ ಕೈ ಬರಲಿಲ್ಲೇನ?” ಎಂದಳು.

ಪರೀಕ್ಷೆಯಲ್ಲಿ ಮಾಸ್ತರರು ಪಾಸಾದರು. ಕೆಲಸದ ವರದಿ ಕೆಟ್ಟದಾಯಿತು. ಕಾಯಂ ಮಾಡುವ ಕಾಗದ ಮೇಲೆ ಹೋಗಲಿಲ್ಲ. ಒಂದು ತಿಂಗಳು ಅವರು ನನ್ನೊಡನೆ ಕೆಲಸದ ಮಾತಿನ ಹೊರತು ಬೇರೆ ಆಡಲಿಲ್ಲ. ರಾತ್ರಿ ಶಾಲೆಯ ಚಾಪೆಯಲ್ಲಿ ಅವರ ಜಾಗ ಖಾಲಿಯಿತ್ತು. ಪರೀಕ್ಷೆ ಮುಗಿದಿತ್ತಲ್ಲ, ಇನ್ನು ಬರುವುದು ಯಾಕೆ ಎಂದರು ಗುರಣ್ಣ ಮಾಸ್ತರರು.

ಆಮೇಲೆ ಒಂದು ಮಧ್ಯಾಹ್ನ, ಥಾನಿನಲ್ಲಿ ಕತ್ತರಿಸದೆ ಉಳಿದಿದ್ದ ಬನಿಯನ್ ಬಟ್ಟೆಯ ತುಂಡನ್ನು ಮೇಜಿನ ಮೇಲೆ ಹಾಸಿಕೊಂಡು ಕರೆದರು. “ಅಕ್ಕಾ, ಕೆಂಪು ದಾರ ತರ್ರಿ. ಸಣ್ಣ ಸೂಜಿ.” ಬಟ್ಟೆಯ ಮೇಲೆ ಬಗ್ಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಕುಣಿಕೆಗಳ ಒಂದು ಸಾಲನ್ನು ಹಿಡಿದು, ಒಂದೊಂದೇ ಕುಣಿಕೆಯೊಳಗೆ ಕೆಂಪು ದಾರ ಪೋಣಿಸುತ್ತ ಕೆಳಗಿನಿಂದ ಮೇಲಕ್ಕೆ ಹೋದರು. ಸುಮಾರು ಎರಡು ತಾಸಾಯಿತು. ಕೆಳಗೆ ಮಡಿಕೆಯ ಗೆರೆಯ ಮೇಲೇ ಆರಂಭವಾದ ಕೆಂಪು ದಾರ ಮೇಲೆ ಬಂದು ಮುಟ್ಟುವಷ್ಟರಲ್ಲಿ ಗೆರೆಯಿಂದ ಒಂದು ಗೇಣು ಆಚೆ ಸರಿದಿತ್ತು.

“ನೋಡ್ರಿ. ದುಂಡಗ ಹೆಣೀತಾರಲ್ಲ, ಸಾಲು ಬಳ್ಳಿ ಹಂಗ ಸುತ್ತಿಕೊಂಡು ಏರ್ತದ. ಮಡಿಕಿ ಗಿರಣ್ಯಾಗ ಇಸ್ತ್ರಿ ಬಿದ್ದ ಕಡೆ ಬಿದ್ದದ, ಅದಕ್ಕ ಈ ಸಾಲು ಗೊತ್ತೇ ಇಲ್ಲ. ಈ ಬಟ್ಟಿಗೆ ಕುಣಿಕಿ ಸಾಲೇ ಎಳಿ. ಅದನ್ನ ಹಿಡಿದು ಕತ್ತರಿಸಬೇಕು. ಜಗ್ಗಿ ಹಾಸಬಾರ್ದು, ಒಂದು ದಿನ ಬಿಚ್ಚಿ ಮಲಗಾಕ ಬಿಡಬೇಕು, ದಣಿವು ಆರಿಸಿಕೊಂಡು ತನ್ನ ಅಳತಿಗೆ ತಾನು ಬರ್ತದ.” ತಲೆ ಎತ್ತದೆ ಮತ್ತೆ ಹೇಳಿದರು: “ಗಲತಿ ನನ್ನ ಮಾತಿಂದು. ಮಡಿಕಿ ನಂಬ್ರಿ ಅಂದಾಂವ ನಾನು.”

ಥಾನು ಬಿಚ್ಚಬೇಡಿರೆಂದು ಹೇಳಿಹೋದವರೂ ಅವರೇ ಆಗಿದ್ದರು. ಅದನ್ನು ಅವರು ನೆನಪಿಸಲಿಲ್ಲ. ಆಗ ನಾನು ಹೇಳಬಹುದಾಗಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಹೇಳಿದ್ದು, “ದಾರ ಮುಗೀತ್ರಿ. ಇನ್ನೊಂದು ಉಂಡಿ ತರ್ಲೇನು?”

“ಬ್ಯಾಡ್ರಿ” ಎಂದರು.

ಕಾಯಂ ಆಗಲು ಮತ್ತೆ ಐದು ವರ್ಷ ಹಿಡಿಯಿತು. ಗುಡ್ಡದ ಕೆಳಗಿನ ಮನೆಯನ್ನು ಅವರು ನಾಲ್ಕು ವರ್ಷ ಬಿಡಲಿಲ್ಲ. ವಾರಕ್ಕೊಮ್ಮೆ ಹೋಗಿ ಬಾಗಿಲು ತೆರೆದು ಗಾಳಿಯಾಡಿಸಿ ಬರುತ್ತಿದ್ದರು. ಅಡಿಗೆಯನ್ನು ಮಾತ್ರ ಹಿತ್ತಲಿನ ಕೋಣೆಯ ಸೀಮೆಎಣ್ಣೆಯ ಸ್ಟೋವಿನ ಮೇಲೆಯೇ ಮಾಡಿಕೊಂಡರು. ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ತಂತಿ ಬಂತು. ಮಾಲನಬಿಯವರು ತೀರಿಕೊಂಡಿದ್ದರು. ಮಾಸ್ತರರು ಹೈದರಾಬಾದಿಗೆ ಹೋಗಿ ಎಂಟು ದಿನಕ್ಕೆ ತಿರುಗಿ ಬಂದು, ಮನೆಯ ಕೀಲಿಯನ್ನು ಮಾಲೀಕರಿಗೆ ಕೊಟ್ಟರು. ನಾನು ಒಮ್ಮೆ ಆ ಓಣಿಯಲ್ಲಿ ಹಾದು ಹೋಗುವಾಗ ಒಳಗೆ ಇಣುಕಿದೆ. ಒಲೆ ನಾನು ಸಾರಿಸಿದಂತೆಯೇ ಕೆಂಪಗಿತ್ತು. ಒಂದು ಚಿಟಿಕೆ ಬೂದಿಯಿರಲಿಲ್ಲ. ಮುಂದಿನ ವರ್ಷ ಕಾಯಂ ಆದ ಕಾಗದ ಬಂದಾಗ ನಾವೆಲ್ಲ ಪೇಢೆ ಹಂಚಿದೆವು. ಮಾಸ್ತರರೂ ಒಂದು ತಿಂದರು.

ಅರವತ್ತು ಬನಿಯನ್ನುಗಳು ಎಲ್ಲಿ ಹೋದವೆಂದು ಓದುಗರು ಕೇಳಬಹುದು. ಹುಡುಗರ ಮನೆಯವರು ಒಲ್ಲೆವೆಂದು ತಿರುಗಿ ಕಳಿಸಿದರು. ಆ ಗಂಟನ್ನು ಮಾಸ್ತರರು ತಮ್ಮ ಕೋಣೆಗೆ ಒಯ್ದರು. ಅವರದು ಕಡ್ಡಿಯಂಥ ಮೈ, ಬಟ್ಟೆಯೂ ಹಿಗ್ಗುವಂಥದು. ಅಲ್ಲಿಂದ ಮುಂದೆ ಅಂಗಿಯ ಒಳಗೆ ಅವನ್ನೇ ಹಾಕಿಕೊಂಡರು. ಹಿತ್ತಲಿನ ಹಗ್ಗದ ಮೇಲೆ ದಿನಾ ಒಂದು ಬನಿಯನ್ನು ಒಣಗುತ್ತಿತ್ತು, ಬಗಲಿನ ಹೊಲಿಗೆ ಹೊಕ್ಕಳಿಗೆ ತಿರುಗಿದ್ದು. ನಾನು ಇಪ್ಪತ್ತು ವರ್ಷ ಮುಂಜಾನೆ ಎದ್ದು ಆ ಹಗ್ಗದ ಕೆಳಗೆ ಕಸ ಗುಡಿಸಿದ್ದೇನೆ. ನನಗೆ ಕಾಣಲೆಂದು ಅವರು ಅಲ್ಲಿ ಹಾಕಲಿಲ್ಲ. ಬಿಸಿಲು ಬೀಳುವ ಜಾಗ ಅದೊಂದೇ ಆಗಿತ್ತು.

ಮುಂದಿನ ವರ್ಷಗಳ ಅವರ ಸೇವೆ ಎಲ್ಲರೂ ಬಲ್ಲದ್ದು. ಹಿಗ್ಗುವ ಬಟ್ಟೆಗಳು ಪೇಟೆಗೆ ಹೆಚ್ಚು ಹೆಚ್ಚು ಬಂದ ಹಾಗೆ ಶಹಾಪುರದ, ಯಾದಗಿರಿಯ ದರ್ಜಿಗಳು ಥಾನು ಹಿಡಿದುಕೊಂಡು ನಮ್ಮ ಕೇಂದ್ರಕ್ಕೆ ಬಂದು, ಕೆಂಪು ದಾರದ ಪಾಠ ಕೇಳಿ ಹೋಗುತ್ತಿದ್ದರು. ಹೊಸದಾಗಿ ಸೇರಿದ ಪ್ರತಿ ಹುಡುಗಿಗೂ ಮಾಸ್ತರರು ಮೊದಲು ಆ ಬನಿಯನ್ನುಗಳ ಕಥೆ ಹೇಳುತ್ತಿದ್ದರು. “ನಾನು ಒಮ್ಮೆ ಅರವತ್ತು ಬನಿಯನ್ ಕೆಡಿಸೀನಿ ನೋಡ್ರಿ” ಎಂದೇ ಆರಂಭಿಸುತ್ತಿದ್ದರು. ಹುಡುಗಿಯರು ನಗುತ್ತಿದ್ದರು. ನಾನು ಮೇಜಿನ ಈಚೆಯ ಬದಿಗೆ ಕೂತು ಗುಂಡಿಯ ಕಾಜ ಹಾಕುತ್ತಿದ್ದೆ.

ಹನುಮಮ್ಮ ಎಂಬ ಹುಡುಗಿ ಬಂದದ್ದು ನೆನಪಾಗುತ್ತದೆ. ಆಕೆಯ ಒಂದು ಭುಜ ಹುಟ್ಟಿನಿಂದಲೇ ಇಳಿದಿತ್ತು; ಯಾವ ಕುಪ್ಪಸವೂ ಒಂದು ಕಡೆ ಜಾರುವುದು. ಮದುವೆ ನಿಶ್ಚಯವಾಗಿತ್ತು, ಗಂಡಿನವರ ಮುಂದೆ ಹೋಗಲು ಅಳುತ್ತಿದ್ದಳು. ಮಾಸ್ತರರು ಎಳೆಯನ್ನು ಬೇಕೆಂದೇ ಬಿಟ್ಟು, ಬಟ್ಟೆಯನ್ನು ಒಂದು ಬದಿಗೆ ಓರೆಯಾಗಿ ಕತ್ತರಿಸಿ ಕುಪ್ಪಸ ಹೊಲಿದುಕೊಟ್ಟರು. ಹಾಕಿಕೊಂಡು ನಿಂತರೆ ಎರಡೂ ಭುಜ ಸಮ. “ನೆಟ್ಟಗ ಇದ್ದೋರಿಗೆ ನೆಟ್ಟಗ ಕತ್ತರಿಸೂದು ಯಾರಿಗಾದ್ರೂ ಬರ್ತದ್ರಿ ಅಕ್ಕಾ” ಎಂದು ನನಗೆ ಮೆಲ್ಲನೆ ಹೇಳಿದರು. ಆ ಮಾತು ಹನುಮಮ್ಮಳನ್ನು ಕುರಿತದ್ದೇ ಆಗಿತ್ತು. ಆದರೂ ಅಂದು ನನಗೆ ಊಟ ಸೇರಲಿಲ್ಲ.

ಈಗ ಮಾಸ್ತರರು ನಿವೃತ್ತರಾಗುತ್ತಿದ್ದಾರೆ. ಮಗಳು ಜೈತುನ ಬಂದು ಹೈದರಾಬಾದಿಗೆ ಕರೆದೊಯ್ಯುವಳು. ಅವಳಿಗೆ ಈ ತಿಂಗಳು ಮೂರನೆಯ ಮಗ ಹುಟ್ಟಿದ್ದಾನೆ. ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕರೆಯುವವರು ಅಲ್ಲಿ ಈಗ ಇದ್ದಾರೆ. ಇಪ್ಪತ್ನಾಲ್ಕು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತ ಮೇಲೆ ಆಚೆಯ ಬದಿ ಖಾಲಿಯಾಗುವುದು ಹೇಗಿರುತ್ತದೆಂದು ನನಗೆ ಗೊತ್ತು. ರಾತ್ರಿ ಶಾಲೆಯ ಚಾಪೆಯ ಮೇಲೆ ಒಂದು ಸಲ ನೋಡಿದ್ದೇನೆ.

ಮಾಸ್ತರರೇ, ಇನ್ನು ಮುಂದಿನದು ನಿಮಗೇ ಬರೆಯುತ್ತಿದ್ದೇನೆ. ಈ ಪುಸ್ತಕವನ್ನು ನೀವು ಬೆರಳಿಟ್ಟು, ನಿಧಾನವಾಗಿ ಓದುತ್ತೀರಿ. ಒಂದೇ ಚಾಪೆಯ ಮೇಲೆ ಕಲಿತ ಅಕ್ಷರದಲ್ಲಿ ನೀವು ನನಗಾಗಿ ಏಳು ಸಾಲು ಬರೆದಿರಿ; ಆ ಕಾಗದಕ್ಕೆ ಉತ್ತರ ಬರೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಬನಿಯನ್ ಬಟ್ಟೆ ಕತ್ತರಿಸಿದವಳು ನಾನು, ಸಾಯಬಮ್ಮ. ಬಿಚ್ಚಬೇಡಿರೆಂದು ನೀವು ಹೇಳಿಹೋಗಿದ್ದಿರಿ. ಸಾಹೇಬರು ಕೇಳಿದಾಗ ನೀವು ನನ್ನ ಕಡೆ ನೋಡಿದ್ದನ್ನು ನಾನು ನೋಡಿದೆ. ಆ ದಿನ ಬಾಯಿ ತೆರೆದಿದ್ದರೆ ಆ ಒಲೆ ಹೊತ್ತುತ್ತಿತ್ತು. ಇದನ್ನು ನಿಮ್ಮ ಹುಡುಗಿಯರೆಲ್ಲ ಓದಲಿ, ಕಥೆಯನ್ನು ಇನ್ನು ಮುಂದೆ ಸರಿಯಾಗಿ ಹೇಳಲಿ.

ನಿಮಗೆ ಆಯುಷ್ಯ ಗಟ್ಟಿಯಾಗಿರಲಿ. ಕಣ್ಣು ಮಂದವಾಗದಿರಲಿ. ಆ ಊರಿನಲ್ಲೂ ನಾಲ್ಕು ಹೆಣ್ಣುಮಕ್ಕಳು ನಿಮ್ಮ ಮೇಜಿನ ಸುತ್ತ ಕೂತು ಕೆಂಪು ದಾರ ಪೋಣಿಸಲಿ. ಕತ್ತರಿಯನ್ನು ಕಣ್ಣಿಗೊತ್ತಿಕೊಳ್ಳುವಾಗ ಒಮ್ಮೊಮ್ಮೆ ಈ ಕಡೆಯ ನೆನಪಾಗಲಿ.

ಹೊಲಿಯದೆ ಉಳಿದ ಆ ಅರವತ್ತೊಂದನೆಯದನ್ನು ಸಾಹೇಬರು ಬರುವ ಮೊದಲೇ ನಾನು ನನ್ನ ಟ್ರಂಕಿನಲ್ಲಿ ಅಡಗಿಸಿದ್ದೆ. ಹೋದ ವಾರ ಹೊರಗೆ ತೆಗೆದೆ. ಎರಡು ದಿನ ಹಾಸಿ ಮಲಗಲು ಬಿಟ್ಟೆ. ಕನ್ನಡಕ ಹಾಕಿಕೊಂಡು, ಕುಣಿಕೆಯ ಒಂದು ಸಾಲು ಹಿಡಿದು, ಕೆಳಗಿನಿಂದ ಮೇಲಿನವರೆಗೆ ಕೆಂಪು ದಾರ ಓಡಿಸಿದೆ. ಓರೆಯಾದ ತುಂಡಿನೊಳಗೆ ನೆಟ್ಟಗೆ ಸಿಕ್ಕಿದ್ದು ಸ್ವಲ್ಪವೇ ಬಟ್ಟೆ. ಒಂದು ತಿಂಗಳ ಕೂಸಿಗೆ ಸಾಲುವಷ್ಟು. ಜೈತುನಳ ಮಗನಿಗೆ ಅಂಗಿ ಹೊಲಿದಿದ್ದೇನೆ. ಬೀಳ್ಕೊಡುವ ದಿನ ತರುತ್ತೇನೆ. ಮೂರು ಸಲ ಒಗೆದು ನೋಡಿದೆ, ಮಾಸ್ತರರೇ. ಹೊಲಿಗೆ ಬಗಲಿನಲ್ಲೇ ನಿಂತಿದೆ.